ನದಿಯ ಹೆಸರಿನಲ್ಲಿ ಕಟ್ಟುವುದು: ಕೊಲಂಬಿಯಾ ದಂಡೆಯ ಸಾರ್ವಜನಿಕ ಕಲೆ

ಮಾನ್ಯರೇ,

ಒಂದು ನದಿಯ ಪರಿಸರವನ್ನೂ ಅದರ ದಂಡೆಯ ಜನರ ಪರಂಪರೆಯನ್ನೂ ಗೌರವಿಸುವ ಸಾರ್ವಜನಿಕ ಕಲೆ ಹೇಗಿರಬೇಕು ಎಂಬ ಪ್ರಶ್ನೆಯನ್ನು ಇಂದು ಚರ್ಚೆಗೆ ಎತ್ತಿಕೊಂಡಿದ್ದೇನೆ. ತತ್ತ್ವದ ಮಟ್ಟದಲ್ಲಿ ಇದಕ್ಕೆ ಉತ್ತರ ಹೇಳುವುದು ಸುಲಭ. ಸ್ಥಳೀಯತೆ, ಸುಸ್ಥಿರತೆ, ಸಹಭಾಗಿತ್ವ ಎಂಬ ಮೂರು ಪದಗಳನ್ನು ಮುಂದಿಟ್ಟರೆ ಯಾವ ಯೋಜನಾ ವರದಿಯಾದರೂ ಅಂದವಾಗಿ ಮುಗಿಯುತ್ತದೆ. ಆದರೆ ಕಲ್ಲು, ಮರ, ಮಣ್ಣು, ನೀರು ಎದುರಾದಾಗ ಈ ಪದಗಳ ಗತಿ ಏನಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಒಂದೇ ನದಿಯನ್ನು ಹಿಡಿದು ನೋಡುವುದು ಮೇಲು. ಅದಕ್ಕಾಗಿ ಉತ್ತರ ಅಮೆರಿಕದ ವಾಯವ್ಯ ಭಾಗದ ಕೊಲಂಬಿಯಾ ನದಿಯನ್ನೂ, 2000ದಿಂದ ಈಚೆಗೆ ಅದರ ದಂಡೆಯುದ್ದಕ್ಕೂ ರೂಪುಗೊಂಡ ‘ಕಾನ್‌ಫ್ಲುಯೆನ್ಸ್’ (ಸಂಗಮ) ಎಂಬ ಸಾರ್ವಜನಿಕ ಕಲಾ ಯೋಜನೆಯನ್ನೂ ಆರಿಸಿಕೊಂಡಿದ್ದೇನೆ.

ಮೊದಲು ನದಿಯ ವಿಷಯ. ಕೊಲಂಬಿಯಾ ಹುಟ್ಟುವುದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಬೆಟ್ಟಗಳ ನಡುವಿನ ಒಂದು ಸರೋವರದಲ್ಲಿ. ಅಲ್ಲಿಂದ ಸುಮಾರು 2,000 ಕಿ.ಮೀ. ಹರಿದು, ಕೊನೆಯ ಭಾಗದಲ್ಲಿ ವಾಷಿಂಗ್ಟನ್ ಮತ್ತು ಆರೆಗಾನ್ ರಾಜ್ಯಗಳ ನಡುವಿನ ಗಡಿಯಾಗಿ ಸಾಗಿ ಪೆಸಿಫಿಕ್ ಸಾಗರವನ್ನು ಸೇರುತ್ತದೆ. ಅದರ ಅತಿ ದೊಡ್ಡ ಉಪನದಿ ಸ್ನೇಕ್. ಈ ಪ್ರದೇಶದ ನೆಲವೆಲ್ಲ ಒಂದೂವರೆ ಕೋಟಿ ವರ್ಷಗಳಿಗೂ ಹಿಂದೆ ಲಾವಾ ಪದರ ಪದರವಾಗಿ ಹರಿದು ಗಟ್ಟಿಯಾದ ಬಸಾಲ್ಟ್ ಶಿಲೆ. ಹಿಮಯುಗದ ಕೊನೆಯಲ್ಲಿ ಹಿಮದ ಒಡ್ಡುಗಳು ಒಡೆದು ಮತ್ತೆ ಮತ್ತೆ ನುಗ್ಗಿದ ಮಹಾಪ್ರವಾಹಗಳು ಈ ಶಿಲೆಯನ್ನು ಕೊರೆದು ಇಂದಿನ ಕಣಿವೆಯ ಆಕಾರವನ್ನು ಕೊಟ್ಟವು. ಅಂದರೆ, ಇಲ್ಲಿ ಕಲಾವಿದರು ಮುಟ್ಟುವ ಪ್ರತಿಯೊಂದು ಕಲ್ಲಿಗೂ ಆಗಲೇ ಒಬ್ಬ ಶಿಲ್ಪಿಯ ಕೈ ತಗುಲಿದೆ; ಆ ಶಿಲ್ಪಿ ನೀರು.

ಈ ನದಿಯನ್ನು ನದಿಯಾಗಿಸಿದ್ದು ಸಾಲ್ಮನ್ ಮೀನು ಎಂದರೂ ಸಲ್ಲುತ್ತದೆ. ಸಿಹಿನೀರಿನಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆಯಿಡಲು ತಾನು ಹುಟ್ಟಿದ ತೊರೆಗೇ ಮರಳುವ ಈ ಮೀನುಗಳು, ಬಿಳಿಯ ವಲಸಿಗರು ಬರುವ ಮುನ್ನ ವರ್ಷಕ್ಕೆ 1 ಕೋಟಿಯಿಂದ 1.6 ಕೋಟಿಯಷ್ಟು ಪ್ರಮಾಣದಲ್ಲಿ ಕೊಲಂಬಿಯಾವನ್ನು ಏರುತ್ತಿದ್ದವೆಂದು ಅಂದಾಜು. ದಂಡೆಯ ಮೂಲನಿವಾಸಿಗಳ ಊಟ, ವ್ಯಾಪಾರ, ಹಬ್ಬ, ಕಥೆ, ನೆಂಟಸ್ತನಗಳೆಲ್ಲ ಈ ಮೀನಿನ ಬರವಿನ ಸುತ್ತ ಹೆಣೆದುಕೊಂಡಿದ್ದವು. 1855ರಲ್ಲಿ ಯಾಕಮಾ, ಯುಮಟಿಲ್ಲಾ, ವಾರ್ಮ್ ಸ್ಪ್ರಿಂಗ್ಸ್ ಮತ್ತು ನೆಜ್ ಪರ್ಸ್ ಜನರ ಪೂರ್ವಜರು ಅಮೆರಿಕ ಸರ್ಕಾರದೊಂದಿಗೆ ಒಪ್ಪಂದಗಳಿಗೆ ಸಹಿ ಹಾಕಿ ಅಪಾರ ನೆಲವನ್ನು ಬಿಟ್ಟುಕೊಟ್ಟಾಗಲೂ, ತಾವು ರೂಢಿಯಿಂದ ಮೀನು ಹಿಡಿಯುತ್ತ ಬಂದ ಎಲ್ಲ ತಾಣಗಳಲ್ಲಿ ಆ ಹಕ್ಕನ್ನು ಉಳಿಸಿಕೊಂಡರು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಕೊಲಂಬಿಯಾ ದಂಡೆಯಲ್ಲಿ ‘ಪರಂಪರೆ’ ಎಂದರೆ ವಸ್ತುಸಂಗ್ರಹಾಲಯದ ಸರಕು ಅಲ್ಲವೇ ಅಲ್ಲ. ಅದು ಇಂದಿಗೂ ನ್ಯಾಯಾಲಯಗಳಲ್ಲಿ ನಿಲ್ಲುವ ಕಾನೂನು.

ಇಪ್ಪತ್ತನೆಯ ಶತಮಾನ ಈ ನದಿಯನ್ನು ಮೆಟ್ಟಿಲುಮೆಟ್ಟಿಲಾದ ಜಲಾಶಯಗಳ ಸಾಲಾಗಿ ಮಾರ್ಪಡಿಸಿತು. ಬಾನ್ವಿಲ್ ಅಣೆಕಟ್ಟು 1938ರಲ್ಲಿ, ಗ್ರ್ಯಾಂಡ್ ಕೂಲೀ 1942ರಲ್ಲಿ ಪೂರ್ಣಗೊಂಡವು. ಇಂದು ಮುಖ್ಯ ಹರಿವಿನ ಮೇಲೆಯೇ 14 ಅಣೆಕಟ್ಟುಗಳಿವೆ. ಗ್ರ್ಯಾಂಡ್ ಕೂಲೀಗೆ ಮೀನು ಹತ್ತುವ ಏಣಿಯನ್ನೇ ಕಟ್ಟಲಿಲ್ಲವಾದ್ದರಿಂದ ಅದರ ಮೇಲಿನ ಎಲ್ಲ ತೊರೆಗಳಿಗೆ ಸಾಲ್ಮನ್ ಬಾಗಿಲು ಮುಚ್ಚಿತು. ಇವೆಲ್ಲಕ್ಕಿಂತ ಆಳವಾದ ಗಾಯ ಸೆಲೈಲೊ ಜಲಪಾತದ್ದು. ಕನಿಷ್ಠ ಹತ್ತು ಸಾವಿರ ವರ್ಷಗಳಿಂದ ಜನ ಸೇರುತ್ತಿದ್ದ, ಬಂಡೆಯಂಚಿನಿಂದ ನೀರಿನ ಮೇಲಕ್ಕೆ ಚಾಚಿದ ಮರದ ಅಟ್ಟಣೆಗಳ ಮೇಲೆ ನಿಂತು ಉದ್ದ ಕೋಲಿನ ಬಲೆಯಿಂದ ಮೀನೆತ್ತುತ್ತಿದ್ದ, ಕರಾವಳಿಯ ಕಪ್ಪೆಚಿಪ್ಪು ಮತ್ತು ಒಳನಾಡಿನ ಚರ್ಮ ಕೈಬದಲಾಗುತ್ತಿದ್ದ ಮಹಾಸಂತೆಯ ಜಾಗವದು. 1957ರ ಮಾರ್ಚ್ 10ರಂದು ಡ್ಯಾಲ್ಸ್ ಅಣೆಕಟ್ಟಿನ ಬಾಗಿಲುಗಳನ್ನು ಮುಚ್ಚಲಾಯಿತು. ಕೆಲವೇ ಗಂಟೆಗಳಲ್ಲಿ ಜಲಪಾತ ಮುಳುಗಿತು; ದೂರದವರೆಗೆ ಕೇಳುತ್ತಿದ್ದ ಭೋರ್ಗರೆತವೂ ಅಡಗಿತು.

ಇಂಥ ನದಿಗೆ ಕಲೆಯಿಂದ ಗೌರವ ಸಲ್ಲಿಸುವುದೆಂದರೇನು? ಸಾಮಾನ್ಯವಾಗಿ ನಡೆಯುವುದನ್ನು ನಾವೆಲ್ಲ ಬಲ್ಲೆವು. ನದಿಯ ಎದುರಿಗೆ ಚೌಕಟ್ಟು ಕಟ್ಟಿದ ವೀಕ್ಷಣಾ ಕಟ್ಟೆ, ನಡುವೆ ಕಂಚಿನ ಮೀನು, ಪಕ್ಕದಲ್ಲಿ ಪ್ರಾಯೋಜಕರ ಹೆಸರಿನ ಫಲಕ. ಕೆಲಸ ಮುಗಿಯಿತು. ಕೊಲಂಬಿಯಾದಲ್ಲೂ ಅದೇ ಆಗಬಹುದಿತ್ತು. ಸಂದರ್ಭವೂ ಅದಕ್ಕೆ ತಕ್ಕುದಾಗಿಯೇ ಇತ್ತು. ಅಧ್ಯಕ್ಷ ಥಾಮಸ್ ಜೆಫರ್‌ಸನ್ ಕಳುಹಿಸಿದ ಮೆರಿವೆದರ್ ಲೂಯಿಸ್ ಮತ್ತು ವಿಲಿಯಂ ಕ್ಲಾರ್ಕ್ ನೇತೃತ್ವದ ತಂಡ 1804ರಲ್ಲಿ ಹೊರಟು 1805ರ ನವೆಂಬರ್‌ನಲ್ಲಿ ಪೆಸಿಫಿಕ್ ತೀರವನ್ನು ಮುಟ್ಟಿತ್ತು. ಅದರ ದ್ವಿಶತಮಾನೋತ್ಸವ ಹತ್ತಿರವಾಗುತ್ತಿದ್ದಂತೆ ನದಿಯುದ್ದಕ್ಕೂ ‘ಅನ್ವೇಷಕರ’ ಪ್ರತಿಮೆಗಳು ಏಳುವುದು ನಿಶ್ಚಿತವಿತ್ತು. ಹತ್ತು ಸಾವಿರ ವರ್ಷ ವಾಸವಿದ್ದವರಿಗೆ ಇನ್ನೂರು ವರ್ಷಗಳ ಹಿಂದೆ ದಾರಿ ಕೇಳಿಕೊಂಡು ಬಂದವರ ಹಬ್ಬವನ್ನು ಆಚರಿಸುವಂತೆ ಆಹ್ವಾನ ಕೊಡುವುದು ವಿಚಿತ್ರವೇ. ಆದರೆ ಯುಮಟಿಲ್ಲಾ ಒಕ್ಕೂಟದ ನಾಯಕರಾಗಿದ್ದ ಆಂಟೋನ್ ಮಿಂಥಾರ್ನ್ ಮತ್ತು ಕೆಲವು ನಾಗರಿಕ ಸಂಘಟಕರು ಸೇರಿ, ಅದೇ ಸಂದರ್ಭವನ್ನು ಬಳಸಿಕೊಂಡು ಕಥೆಯನ್ನು ತಿರುಗಿಸಿ ಹೇಳಲು ನಿರ್ಧರಿಸಿದರು. ಅವರು ಕೇಳಿದ್ದು ಮಾಯಾ ಲಿನ್ ಅವರನ್ನು.

ಮಾಯಾ ಲಿನ್ ಅವರ ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. 1981ರಲ್ಲಿ, ಇನ್ನೂ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾಗಿದ್ದಾಗ, 1,421 ವಿನ್ಯಾಸಗಳ ನಡುವೆ ಆಯ್ಕೆಯಾಗಿ, ವಾಷಿಂಗ್ಟನ್ ನಗರದ ವಿಯೆಟ್ನಾಂ ಯೋಧರ ಸ್ಮಾರಕವನ್ನು ರೂಪಿಸಿದವರು. ಮೇಲಕ್ಕೇರುವ ಕಂಬವಿಲ್ಲದೆ, ಕುದುರೆ ಮೇಲಿನ ದಳಪತಿಯಿಲ್ಲದೆ, ನೆಲದೊಳಕ್ಕೆ ಇಳಿಯುವ ಕಪ್ಪು ಗ್ರಾನೈಟ್ ಗೋಡೆಯ ಮೇಲೆ ಮಡಿದವರ ಹೆಸರುಗಳನ್ನಷ್ಟೇ ಕೆತ್ತಿಸಿದ ಆ ಕೆಲಸ 1982ರಲ್ಲಿ ಲೋಕಾರ್ಪಣೆಯಾಯಿತು. ಅಂಥವರು ಕೊಲಂಬಿಯಾದ ಕೆಲಸಕ್ಕೆ ಮೊದಲು ಹಿಂಜರಿದದ್ದು ಸಹಜ. ಒಪ್ಪಿದ ಮೇಲೆ ಅವರು ಕೈಗೊಂಡ ಕ್ರಮ ಮಾತ್ರ ಗಮನಾರ್ಹ. ನದೀಮುಖದಿಂದ ಆರಂಭಿಸಿ ಸ್ನೇಕ್ ನದಿಯವರೆಗೆ ಸುಮಾರು 700 ಕಿ.ಮೀ. ಉದ್ದಕ್ಕೆ ಚದುರಿದ ಆರು ತಾಣಗಳು. ಯಾವುದೂ ಇನ್ನೊಂದರ ಕಣ್ಣಳತೆಯಲ್ಲಿಲ್ಲ. ಎಲ್ಲವನ್ನೂ ನೋಡಬೇಕೆಂದರೆ ನದಿಯ ಉದ್ದವನ್ನೇ ನಡೆಯಬೇಕು, ಇಲ್ಲವೇ ಕಾರಿನಲ್ಲಾದರೂ ಕ್ರಮಿಸಬೇಕು. ನನ್ನ ದೃಷ್ಟಿಯಲ್ಲಿ ಇಡೀ ಯೋಜನೆಯ ಅತಿ ದಿಟ್ಟ ನಿರ್ಧಾರ ಇದೇ. ಒಂದೇ ಕಡೆ ಎಲ್ಲವನ್ನೂ ಪೇರಿಸಿದ್ದರೆ ನೋಡಲು ಬರುವವರ ಸಂಖ್ಯೆ ಹೆಚ್ಚುತ್ತಿತ್ತು, ನದಿ ಮಾತ್ರ ಹಿನ್ನೆಲೆಯ ಪರದೆಯಾಗಿ ಉಳಿಯುತ್ತಿತ್ತು.

ಮೊದಲ ತಾಣ ಸಮುದ್ರದಂಚಿನ ಕೇಪ್ ಡಿಸಪಾಯಿಂಟ್‌ಮೆಂಟ್, 2006ರಲ್ಲಿ ಮುಗಿದದ್ದು. ಅಲ್ಲಿನ ಒಂದು ವಸ್ತುವಿನ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತನಾಡುತ್ತೇನೆ. ದೋಣಿ ಇಳಿಸುವ ಕಟ್ಟೆಯ ಹತ್ತಿರ ಮೀನುಗಾರರು ತಾವು ಹಿಡಿದು ತಂದ ಮೀನನ್ನು ಸ್ವಚ್ಛ ಮಾಡುವ ಜಾಗವೊಂದು ಮೊದಲಿನಿಂದಲೂ ಇತ್ತು. ಕಲಾವಿದೆ ಅದನ್ನು ಎತ್ತಂಗಡಿ ಮಾಡಿಸಿ ಶಿಲ್ಪಕ್ಕೆ ಜಾಗ ಮಾಡಿಕೊಳ್ಳಲಿಲ್ಲ, ಅದನ್ನೇ ಶಿಲ್ಪವಾಗಿಸಿದರು. ಈಗ ಅಲ್ಲಿರುವುದು ಸ್ಥಳೀಯ ಬಸಾಲ್ಟ್ ಶಿಲೆಯ ಒಂದು ಮೇಜು. ಅದರ ನುಣುಪಾದ ಮೇಲ್ಮೈಯಲ್ಲಿ ನದೀಮುಖದ ಮೂಲನಿವಾಸಿಗಳಾದ ಚಿನೂಕ್ ಜನರ ಉಗಮದ ಕಥೆಯನ್ನು ಕೆತ್ತಲಾಗಿದೆ. ಉತ್ತರಕ್ಕೆ ಪಯಣಿಸುತ್ತಿದ್ದ ತೆಂಕಣ ಗಾಳಿಗೆ ಒಬ್ಬಳು ಮುದುಕಿ, ಅವಳೊಬ್ಬಳು ರಾಕ್ಷಸಿ, ಎದುರಾಗುತ್ತಾಳೆ. ಹಸಿದವನಿಗೆ ಬಲೆ ಕೊಡುತ್ತಾಳೆ. ಅವನು ಒಂದು ಪುಟ್ಟ ತಿಮಿಂಗಿಲವನ್ನು ಹಿಡಿಯುತ್ತಾನೆ. ಅಡ್ಡಡ್ಡ ಕೊಯ್ಯಬೇಡ, ಬೆನ್ನಿನುದ್ದಕ್ಕೂ ಚಿಪ್ಪಿನಿಂದ ಸೀಳು ಎಂದು ಮುದುಕಿ ಹೇಳುತ್ತಾಳೆ. ಅವನು ಕೇಳದೆ ಅಡ್ಡಲಾಗಿ ಕೊಯ್ಯುತ್ತಾನೆ. ತಿಮಿಂಗಿಲ ಗುಡುಗುಹಕ್ಕಿಯಾಗಿ ಹಾರಿ, ನದೀಮುಖದ ಬಳಿಯ ಬೆಟ್ಟದ ಮೇಲೆ ಮೊಟ್ಟೆಯಿಡುತ್ತದೆ. ಆ ಮೊಟ್ಟೆಗಳಿಂದ ಮನುಷ್ಯರು ಬರುತ್ತಾರೆ.

ಈ ಕಥೆಯನ್ನು ಫಲಕದ ಮೇಲೆ ಬರೆದು ನಿಲ್ಲಿಸಿದ್ದರೆ ಜನ ಓದಿ ಮುಂದೆ ಹೋಗುತ್ತಿದ್ದರು. ಇಲ್ಲಿ ಮೀನು ಕೊಯ್ಯುವವನ ಕತ್ತಿಯ ಕೆಳಗೇ, ಮೀನನ್ನು ಹೇಗೆ ಕೊಯ್ಯಬೇಕೆಂಬ ಮಾತಿದೆ. ಅಕ್ಷರಗಳ ಮೇಲೆ ರಕ್ತ ಹರಿಯುತ್ತದೆ, ಹುರುಪೆ ಅಂಟುತ್ತದೆ, ನೀರು ಎಲ್ಲವನ್ನೂ ತೊಳೆದು ಹೋಗುತ್ತದೆ, ಕಡಲಹಕ್ಕಿಗಳು ಕರುಳಿಗಾಗಿ ಕಾಯುತ್ತಿರುತ್ತವೆ. ಸಾರ್ವಜನಿಕ ಕಲೆಯನ್ನು ಮುಟ್ಟಬೇಡಿ ಎಂಬ ಸೂಚನೆಗೆ ಒಗ್ಗಿಹೋದ ನಮಗೆ, ಮುಟ್ಟದಿದ್ದರೆ ಅರ್ಥವೇ ಆಗದ ಕೃತಿಯೊಂದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ. ಈ ಮೇಜನ್ನು ಬಳಸುವ ಮೀನುಗಾರರಲ್ಲಿ ಹೆಚ್ಚಿನವರು ಕಲೆಯನ್ನು ನೋಡಲು ಬಂದವರಲ್ಲ. ಅವರಲ್ಲಿ ಎಷ್ಟೋ ಮಂದಿ ಆ ಕಥೆಯನ್ನು ಪೂರ್ತಿ ಓದಿರಲಿಕ್ಕೂ ಇಲ್ಲ. ಅದು ಕೊರತೆಯೆಂದು ನನಗನ್ನಿಸುವುದಿಲ್ಲ. ಬೇಕಾದಾಗ ಓದಲು ಅಕ್ಷರ ಅಲ್ಲೇ ಇದೆ, ಬೇಡದಾಗ ಮೇಜು ಮೇಜಿನ ಕೆಲಸ ಮಾಡುತ್ತದೆ.

ಅದೇ ತಾಣದ ಸಮುದ್ರದ ಕಡೆಯಲ್ಲಿ ಎರಡು ದಾರಿಗಳಿವೆ. ಒಂದು ಮರದ ಹಲಗೆಯ ಹಾದಿ; ಅದರುದ್ದಕ್ಕೂ ಲೂಯಿಸ್ ಮತ್ತು ಕ್ಲಾರ್ಕ್ ದಿನಚರಿಯ ಸಾಲುಗಳು ಪ್ರಯಾಣದ ಕ್ರಮದಲ್ಲಿ ಸಮುದ್ರದತ್ತ ಸಾಗುತ್ತವೆ. ಇನ್ನೊಂದು ಪುಡಿಮಾಡಿದ ಸಿಂಪಿ ಚಿಪ್ಪುಗಳನ್ನು ಹಾಸಿದ ಹಾದಿ. ಅಲ್ಲಿ ಚಿನೂಕ್ ಸ್ತುತಿಗೀತೆಯ ಸಾಲುಗಳಿವೆ, ಅದು ಕೊನೆಗೊಳ್ಳುವುದು ತೇಲಿಬಂದ ಸೀಡರ್ ಮರದ ಕಾಂಡಗಳ ಒಂದು ವೃತ್ತದಲ್ಲಿ. ದಿನಚರಿಯನ್ನು ಅಳಿಸಿ ಹಾಕಿಲ್ಲ, ಸ್ತುತಿಗೀತೆಯನ್ನು ಅಡಿಟಿಪ್ಪಣಿಯಾಗಿಸಿಲ್ಲ. ಯಾವ ದಾರಿಯಲ್ಲಿ ಮೊದಲು ನಡೆಯಬೇಕೆಂಬುದು ನಡೆಯುವವರ ಕಾಲಿಗೆ ಬಿಟ್ಟ ವಿಷಯ. ಜೊತೆಗೆ ವಾಹನ ನಿಲುಗಡೆಯ ಡಾಂಬರನ್ನು ಹಿಂದಕ್ಕೆ ಸರಿಸಿ, ಸ್ಥಳೀಯ ಹುಲ್ಲು ಮತ್ತು ಗಿಡಗಳನ್ನು ಬೆಳೆಸಲಾಯಿತು. ಇಲ್ಲೊಂದು ಕಹಿ ಮಾತನ್ನೂ ಸೇರಿಸಬೇಕು. ಯಾರ ಉಗಮಕಥೆಯನ್ನು ಆ ಕಲ್ಲಿನಲ್ಲಿ ಕೆತ್ತಲಾಗಿದೆಯೋ ಆ ಚಿನೂಕ್ ರಾಷ್ಟ್ರಕ್ಕೆ ಅಮೆರಿಕದ ಒಕ್ಕೂಟ ಸರ್ಕಾರ 2001ರಲ್ಲಿ ಮಾನ್ಯತೆ ನೀಡಿ 2002ರಲ್ಲಿ ಹಿಂತೆಗೆದುಕೊಂಡಿತು. ಉದ್ಯಾನದ ಕಲ್ಲಿನಲ್ಲಿ ಸಿಕ್ಕ ಜಾಗ ಸರ್ಕಾರದ ಕಡತದಲ್ಲಿ ಸಿಗಲಿಲ್ಲ.

ಮೇಲ್ಮುಖವಾಗಿ ಬಂದರೆ ಆರೆಗಾನ್ ರಾಜ್ಯದಲ್ಲಿ ಸ್ಯಾಂಡಿ ಎಂಬ ಉಪನದಿ ಕೊಲಂಬಿಯಾವನ್ನು ಸೇರುವ ಮುಖಜ ಭೂಮಿ ಸಿಗುತ್ತದೆ. ಹುಡ್ ಶಿಖರದ ಜ್ವಾಲಾಮುಖಿಯಿಂದ ಇಳಿದ ಬೂದಿ ಮತ್ತು ಮರಳಿನಿಂದ ಹೂತಿದ್ದ ಈ ಹೊಳೆಯನ್ನು ದಾಟಲು ಹೊರಟ ಕ್ಲಾರ್ಕ್, ಇದಕ್ಕೆ ‘ಹೂಳುಮರಳಿನ ನದಿ’ ಎಂಬರ್ಥದ ಹೆಸರಿಟ್ಟಿದ್ದ. ಮುಂದೆ ದನ ಮೇಯಿಸಲು ಬಳಕೆಯಾಗಿ, ಹೊರಗಿನಿಂದ ಬಂದ ಹುಲ್ಲು ಮತ್ತು ಮುಳ್ಳುಪೊದೆಗಳು ಹಬ್ಬಿದ್ದ ಈ ಜಾಗದಲ್ಲಿ ಅರಣ್ಯ ಇಲಾಖೆಯ ಕೈಯಿಂದ ದಂಡೆಯ ಕಾಡನ್ನು ಮರಳಿ ಬೆಳೆಸುವ ಕೆಲಸ ನಡೆದಿದೆ. ಸ್ಯಾಂಡಿ ನದಿಯ ಮೇಲೆ ಇದ್ದ ಮಾರ್ಮಟ್ ಅಣೆಕಟ್ಟನ್ನು 2007ರಲ್ಲಿ ತೆಗೆದುಹಾಕಲಾಯಿತು. ಮರುವರ್ಷ, ಅಂದರೆ 2008ರಲ್ಲಿ, ಇಲ್ಲಿ ಮಾಯಾ ಲಿನ್ ಅವರ ಎರಡನೆಯ ಮುಖ್ಯ ಕೃತಿ ಸಿದ್ಧವಾಯಿತು.

ಅದು ಹಕ್ಕಿಗಳನ್ನು ಮರೆಯಲ್ಲಿ ನಿಂತು ನೋಡಲು ಕಟ್ಟಿದ ಒಂದು ಅಂಡಾಕಾರದ ಆವರಣ. ಹತ್ತಿರದ ವಾಹನ ನಿಲ್ದಾಣದಿಂದ ಸುಮಾರು 2 ಕಿ.ಮೀ. ನಡೆದು ಹೋಗಬೇಕು. ಗೋಡೆಯ ಬದಲು ನೆಟ್ಟಗೆ ನಿಲ್ಲಿಸಿದ ಬ್ಲ್ಯಾಕ್ ಲೋಕಸ್ಟ್ ಮರದ ಪಟ್ಟಿಗಳಿವೆ, ನಡುವೆ ಸಂದುಗಳಿವೆ. ಪಟ್ಟಿಗಳ ಮೇಲೆ ಲೂಯಿಸ್ ಮತ್ತು ಕ್ಲಾರ್ಕ್ ತಮ್ಮ ಪಯಣದಲ್ಲಿ ದಾಖಲಿಸಿದ 134 ಪ್ರಾಣಿಪಕ್ಷಿ ಪ್ರಭೇದಗಳ ಹೆಸರುಗಳನ್ನೂ ಅವುಗಳ ಇಂದಿನ ಸ್ಥಿತಿಯನ್ನೂ ಕೊರೆಯಲಾಗಿದೆ: ಕ್ಷೇಮ, ಆತಂಕ, ವಿನಾಶದಂಚು, ಇನ್ನಿಲ್ಲ. ಓದಲೆಂದು ಮುಖ ಹತ್ತಿರ ತಂದರೆ ಸಂದಿನಿಂದ ಆಚೆಯ ಜೌಗು ಕಾಣಿಸುತ್ತದೆ. ಜೌಗನ್ನು ನೋಡಲೆಂದು ಕಣ್ಣಿಟ್ಟರೆ ಪಕ್ಕದಲ್ಲಿ ಹೆಸರು ಕಾಣಿಸುತ್ತದೆ. ಹೀಗೆ ಪಟ್ಟಿಯೂ ದೃಶ್ಯವೂ ಒಂದನ್ನೊಂದು ಬಿಟ್ಟುಕೊಡುವುದಿಲ್ಲ.

ಈ ಪಟ್ಟಿಯ ಬಲ ಎಲ್ಲಿದೆಯೆಂದರೆ, ಅನ್ವೇಷಕರ ದಿನಚರಿಯನ್ನು ಅದು ಲೆಕ್ಕಪುಸ್ತಕವಾಗಿ ಬಳಸಿಕೊಳ್ಳುತ್ತದೆ. ವೀರಗಾಥೆ ಎಂದು ಓದಿಕೊಂಡು ಬಂದ ಬರಹ ಇದ್ದಕ್ಕಿದ್ದಂತೆ ಇನ್ನೂರು ವರ್ಷಗಳ ಹಿಂದಿನ ಆರಂಭದ ಶಿಲ್ಕಾಗಿ ನಿಲ್ಲುತ್ತದೆ, ನಮ್ಮ ಕಾಲ ಆ ಖಾತೆಯಲ್ಲಿ ಏನು ಉಳಿಸಿದೆ ಎಂದು ಕೇಳುತ್ತದೆ. ಆ ತಂಡ ತನ್ನ ಪ್ರಯಾಣದ ಪೂರ್ವಭಾಗದಲ್ಲಿ ಕೆರೋಲಿನಾ ಗಿಳಿಗಳನ್ನು ಕಂಡಿತ್ತು. ಆ ಜಾತಿಯ ಕೊನೆಯ ಸೆರೆಹಕ್ಕಿ 1918ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಪ್ಯಾಸೆಂಜರ್ ಪಾರಿವಾಳದ ಕೊನೆಯ ಹಕ್ಕಿ ಅದಕ್ಕೂ ಮೊದಲು, 1914ರಲ್ಲಿ, ಅದೇ ಮೃಗಾಲಯದಲ್ಲಿ ಸತ್ತಿತ್ತು. ಕೊಲಂಬಿಯಾ ಕಣಿವೆಯಲ್ಲೇ ಅವರು ಬೆರಗಿನಿಂದ ನೋಡಿದ ಕ್ಯಾಲಿಫೋರ್ನಿಯಾ ಕಾಂಡಾರ್ ಹದ್ದು 1987ರ ಹೊತ್ತಿಗೆ ಕಾಡಿನಲ್ಲಿ ಒಂದೂ ಉಳಿಯದಂತಾಗಿ, ಸೆರೆಯಲ್ಲಿದ್ದ 27 ಹಕ್ಕಿಗಳಿಂದ ಅದರ ಸಂತತಿಯನ್ನು ಮತ್ತೆ ಬೆಳೆಸಬೇಕಾಯಿತು. ಪರಿಸರದ ಬಗ್ಗೆ ಕಲೆ ಮಾತನಾಡುವಾಗ ಹಾಡಿ ಹೊಗಳುವ ಚಟ ಹೆಚ್ಚು. ಇಂಥ ಒಣ ಲೆಕ್ಕ ಅಪರೂಪ.

ಒಂದು ಸಣ್ಣ ವಿಪರ್ಯಾಸವನ್ನು ಹೇಳದಿರಲಾರೆ. ಆ ಮುಖಜ ಭೂಮಿ ಪೋರ್ಟ್‌ಲ್ಯಾಂಡ್ ಸುತ್ತಮುತ್ತಲ ಜನ ತಮ್ಮ ನಾಯಿಗಳನ್ನು ಸರಪಳಿ ಬಿಚ್ಚಿ ಓಡಾಡಿಸಲು ಅತಿ ಇಷ್ಟಪಡುವ ಜಾಗ. ಹಕ್ಕಿ ನೋಡಲು ಮರೆ ಕಟ್ಟಿದ ನೆಲದಲ್ಲಿ ಹಕ್ಕಿ ಓಡಿಸುವ ನಾಯಿಗಳು! ವಿನ್ಯಾಸಕಾರರು ಕಾಗದದ ಮೇಲೆ ಗೆರೆ ಎಳೆಯುವಾಗ ಸ್ಥಳದ ಬಳಕೆದಾರರು ತಾವೆಣಿಸಿದ ಭಕ್ತರೇ ಆಗಿರುತ್ತಾರೆಂದು ಭಾವಿಸುವುದುಂಟು. ಸಾರ್ವಜನಿಕ ಜಾಗ ಎಂದಮೇಲೆ ಅದಕ್ಕೆ ಬರುವ ಸಾರ್ವಜನಿಕರು ಬೇರೆ ಬೇರೆ ಕೆಲಸಗಳಿಗೆ ಬರುತ್ತಾರೆ. ಆವರಣ ಅದನ್ನು ಸಹಿಸಿಕೊಂಡು ನಿಂತಿದೆ.

ವ್ಯಾಂಕೂವರ್ ನಗರದ ನೆಲಸೇತುವೆ ಇದೇ ಯೋಜನೆಯ ಭಾಗವಾದರೂ ಅದರ ಮುಖ್ಯ ವಾಸ್ತುಶಿಲ್ಪಿ ಜಾನ್‌ಪಾಲ್ ಜೋನ್ಸ್. ಚೆರೋಕಿ ಮತ್ತು ಚಾಕ್ಟಾ ಮೂಲದವರು. ಇದು ಕೆನಡಾದ ವ್ಯಾಂಕೂವರ್ ಅಲ್ಲ, ವಾಷಿಂಗ್ಟನ್ ರಾಜ್ಯದ್ದು. ಹಡ್ಸನ್ಸ್ ಬೇ ಕಂಪನಿ 1824–25ರ ಚಳಿಗಾಲದಲ್ಲಿ ಇಲ್ಲಿ ಕಟ್ಟಿದ ತುಪ್ಪಳ ವ್ಯಾಪಾರದ ಕೋಟೆಯ ಸುತ್ತ ಹಲವು ಬುಡಕಟ್ಟುಗಳವರು, ಫ್ರೆಂಚ್ ಕೆನಡಿಯನ್ನರು, ಹವಾಯಿ ದ್ವೀಪದವರು ಕೂಡಿ ಬಾಳಿದ ಹಳ್ಳಿಯಿತ್ತು. ಕಾಲಾಂತರದಲ್ಲಿ ರೈಲುಹಾದಿ ಮತ್ತು ಹೆದ್ದಾರಿ ನಡುವೆ ಬಂದು ಕೋಟೆಯಿಂದ ನದಿಗೆ ಹೋಗುವ ದಾರಿಯೇ ಕಡಿದುಹೋಯಿತು. 2008ರಲ್ಲಿ ಪೂರ್ಣಗೊಂಡ ಸೇತುವೆ 14ನೇ ರಾಜ್ಯ ಹೆದ್ದಾರಿಯ ಮೇಲೆ ಬಿಲ್ಲಿನಂತೆ ಬಾಗಿ ಹಾದುಹೋಗುತ್ತದೆ. ಅದರ ಮೇಲೆ ಮಣ್ಣು ತುಂಬಿ, ಆ ಬಯಲಿಗೆ ಸಹಜವಾದ ಗಿಡಗಳನ್ನು ನೆಡಲಾಗಿದೆ. ಸ್ಥಳೀಯ ಜನ ಗೆಡ್ಡೆಗಾಗಿ ಅಗೆದು ತಿನ್ನುತ್ತಿದ್ದ, ನೀಲಿ ಹೂ ಬಿಡುವ ಕಾಮಸ್ ಸಸ್ಯವೂ ಆ ಬಯಲುಗಳದ್ದೇ. ಪ್ರವೇಶದಲ್ಲಿ ವಾರ್ಮ್ ಸ್ಪ್ರಿಂಗ್ಸ್ ಮೂಲದ ಕಲಾವಿದೆ ಲಿಲಿಯನ್ ಪಿಟ್ ರೂಪಿಸಿದ ಸ್ವಾಗತದ್ವಾರವಿದೆ: ಸೀಡರ್ ಮರದ ದೋಣಿಹುಟ್ಟುಗಳು, ಅವುಗಳಲ್ಲಿ ಎರಕದ ಗಾಜಿನ ಮುಖಗಳು. ಕೆಳಗೆ ಲಾರಿಗಳ ಸದ್ದು ನಿಲ್ಲುವುದಿಲ್ಲ. ಹೆದ್ದಾರಿಯನ್ನು ಅಳಿಸಲಾಗದಿದ್ದರೆ ಅದರ ಮೇಲೆ ನೆಲವನ್ನೇ ಹೊದಿಸಿ ದಾಟಿಸುವುದು ಎಂಬ ಈ ವಿಚಾರ, ನನ್ನ ಎಣಿಕೆಯಲ್ಲಿ, ಯೋಜನೆಯ ಅತ್ಯಂತ ಉಪಯುಕ್ತ ಭಾಗ.

ಇನ್ನೆರಡು ತಾಣಗಳನ್ನು ಬೇಗ ದಾಟುತ್ತೇನೆ. ಸ್ನೇಕ್ ಮತ್ತು ಕೊಲಂಬಿಯಾ ಕೂಡುವ ಸ್ಥಳದ ಸಕಜವಿಯಾ ಉದ್ಯಾನದಲ್ಲಿ 2010ರಲ್ಲಿ ಸಿದ್ಧವಾದ ಏಳು ‘ಕಥಾವೃತ್ತ’ಗಳಿವೆ, ಕೆಲವು ಹುಲ್ಲಿನೊಳಕ್ಕೆ ತಗ್ಗಾಗಿ, ಕೆಲವು ಎತ್ತರಿಸಿ ಕಟ್ಟಿದವು. ಮೀನು, ಋತುಚಕ್ರ, ವ್ಯಾಪಾರ, ಕಥೆಗಳ ಸಾಲುಗಳು ಅವುಗಳ ಅಂಚಿನಲ್ಲಿವೆ. ಬರಹ ಹೆಚ್ಚಾಯಿತು, ಓದುತ್ತ ಸುತ್ತು ಬರುವಷ್ಟರಲ್ಲಿ ನದಿ ಮರೆತುಹೋಗುತ್ತದೆ ಎಂಬ ಆಕ್ಷೇಪ ನನ್ನದು. ಸ್ನೇಕ್ ನದಿಯ ನಡುಗಡ್ಡೆಯಲ್ಲಿರುವ ಚೀಫ್ ತಿಮೊಥಿ ಉದ್ಯಾನದ ‘ಆಲಿಸುವ ವೃತ್ತ’ 2015ರದ್ದು. ಅದರಲ್ಲಿ ಬರಹದ ಭಾರವಿಲ್ಲ. 2005ರಲ್ಲಿ ನೆಜ್ ಪರ್ಸ್ ಹಿರಿಯರು ಆ ಸ್ಥಳದಲ್ಲಿ ನಡೆಸಿದ ಹರಸುವ ವಿಧಿಯಲ್ಲಿ ಗಂಡಸರು, ಹೆಂಗಸರು, ಹಿರಿಯರು ಯಾವ ದಿಕ್ಕಿಗೆ ಮುಖಮಾಡಿ ಕುಳಿತಿದ್ದರೋ ಅದನ್ನೇ ಅನುಸರಿಸಿ, ಇಳಿಜಾರಿನ ಸಹಜ ತಗ್ಗಿನಲ್ಲಿ ಬಸಾಲ್ಟ್ ಆಸನಗಳ ಬಾಗಿದ ಸಾಲುಗಳನ್ನು ಜೋಡಿಸಲಾಗಿದೆ. ಅಷ್ಟೇ. ಉಳಿದದ್ದೆಲ್ಲ ಬೋಳುಬೆಟ್ಟ ಮತ್ತು ಗಾಳಿ.

ಇಷ್ಟು ಹೊಗಳಿದ ಮೇಲೆ ಒಂದು ಕಠಿಣ ಪ್ರಶ್ನೆಯನ್ನು ಎದುರಿಸಲೇಬೇಕು. ಆ ನಡುಗಡ್ಡೆಯ ಸುತ್ತ ಇರುವುದೇ 1975ರಲ್ಲಿ ಮುಗಿದ ಲೋವರ್ ಗ್ರಾನೈಟ್ ಅಣೆಕಟ್ಟಿನ ಹಿನ್ನೀರು. ಸಕಜವಿಯಾ ಉದ್ಯಾನದ ಮುಂದಿನ ಸಂಗಮವೂ ಮೆಕ್‌ನರಿ ಅಣೆಕಟ್ಟಿನ ಜಲಾಶಯವೇ. ಕಲ್ಲಿನ ಮೇಲೆ ಸಾಲ್ಮನ್ ಹೆಸರನ್ನು ಚೆಂದವಾಗಿ ಕೆತ್ತಿ, ನೀರಿನಲ್ಲಿ ಸಾಲ್ಮನ್ ಇಲ್ಲದಂತೆ ಬಿಟ್ಟರೆ ಆ ಕೆತ್ತನೆ ಯಾರಿಗೆ ಸಮಾಧಾನ? ಸ್ನೇಕ್ ನದಿಯ ಕೆಳಭಾಗದ ನಾಲ್ಕು ಅಣೆಕಟ್ಟುಗಳನ್ನು ಒಡೆಯಬೇಕೆಂದು ಮೂಲನಿವಾಸಿ ರಾಷ್ಟ್ರಗಳು ಬಹುಕಾಲದಿಂದ ಒತ್ತಾಯಿಸುತ್ತಿವೆ. 2023ರ ಡಿಸೆಂಬರ್‌ನಲ್ಲಿ ಒಕ್ಕೂಟ ಸರ್ಕಾರ ಆ ದಿಕ್ಕಿಗೆ ಪೂರಕವಾದ ಒಪ್ಪಂದವೊಂದಕ್ಕೆ ಬಂತು. 2025ರ ಜೂನ್‌ನಲ್ಲಿ ಮುಂದಿನ ಸರ್ಕಾರ ಅದರಿಂದ ಹಿಂದೆ ಸರಿಯಿತು. ಕಲಾಕೃತಿಗಳನ್ನು ಉದ್ಘಾಟಿಸುವಾಗ ಎಲ್ಲ ಪಕ್ಷದವರೂ ಚಪ್ಪಾಳೆ ತಟ್ಟುತ್ತಾರೆ, ಬಾಗಿಲು ತೆರೆದು ನೀರು ಬಿಡುವ ಮಾತು ಬಂದಾಗ ಸಭೆ ಖಾಲಿಯಾಗುತ್ತದೆ. ಹಾಗೆಂದು ಕಲೆಯನ್ನು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಅಣೆಕಟ್ಟು ಒಡೆಯುವುದು ಕಲಾವಿದರ ಕೈಯಲ್ಲಿಲ್ಲ. ಆದರೆ ಇಂದಿನ ಜಲಾಶಯವನ್ನೇ ಸನಾತನ ಪ್ರಕೃತಿಯೆಂದು ನಂಬಿಸದಿರುವುದು, ನಷ್ಟವನ್ನು ನಷ್ಟವೆಂದೇ ತೋರಿಸುವುದು ಅವರ ಕೈಯಲ್ಲಿದೆ. ಹಕ್ಕಿಯ ಮರೆ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ, ಕಥಾವೃತ್ತಗಳು ಪೂರ್ತಿ ಗೆಲ್ಲುವುದಿಲ್ಲ.

ಈ ಮಾತಿಗೆ ಇನ್ನೊಂದು ಸಾಕ್ಷಿಯೂ ಇದೆ. ಕೊಲಂಬಿಯಾ ದಂಡೆಯ ಅತ್ಯಂತ ಹಳೆಯ ಸಾರ್ವಜನಿಕ ಕಲೆ ಮಾಯಾ ಲಿನ್ ಅವರದ್ದಲ್ಲ. ಅಲ್ಲಿನ ಬಂಡೆಗಳ ಮೇಲಿನ ಕೆತ್ತನೆ ಮತ್ತು ವರ್ಣಚಿತ್ರಗಳು. ಅವುಗಳಲ್ಲಿ ಎಷ್ಟೋ ಡ್ಯಾಲ್ಸ್ ಜಲಾಶಯದಲ್ಲಿ ಮುಳುಗಿದವು. ಮುಳುಗುವ ಮುನ್ನ ಕೆಲವನ್ನು ಬಂಡೆಯಿಂದ ಕೊರೆದು ತೆಗೆದು, ದಶಕಗಳ ಕಾಲ ಅದೇ ಅಣೆಕಟ್ಟಿನ ಆವರಣದಲ್ಲಿ ಇರಿಸಲಾಗಿತ್ತು. ಕೊನೆಗೆ ಕೊಲಂಬಿಯಾ ಹಿಲ್ಸ್ ಉದ್ಯಾನದಲ್ಲಿ ಒಂದು ಕಾಲುದಾರಿಯ ಬದಿಗೆ ಅವುಗಳನ್ನು ನಿಲ್ಲಿಸಿದರು. ಅಲ್ಲೇ ಮೇಲಿನ ಬಂಡೆಯೊಂದರಲ್ಲಿ, ನೀರಿಗೆ ಸಿಗದೆ ಉಳಿದ ‘ತ್ಸಗಗ್ಲಲಲ್’ ಎಂಬ ಅಗಲಗಣ್ಣಿನ ಮುಖವಿದೆ. ಊರಿನ ಒಡತಿಯಾಗಿದ್ದವಳನ್ನು, ತನ್ನ ಜನರನ್ನು ಎಂದೆಂದಿಗೂ ನೋಡಿಕೊಳ್ಳಲೆಂದು ಕೊಯೋಟಿ ಎಂಬ ತೋಳಜಾತಿಯ ಮಾಯಾವಿ ಕಲ್ಲಾಗಿಸಿದನೆಂಬ ಕಥೆ ಅವಳದು. ಕಿಡಿಗೇಡಿಗಳ ಕಾಟದಿಂದಾಗಿ ಈಗ ಮಾರ್ಗದರ್ಶಕರೊಂದಿಗೆ ಮಾತ್ರ ಅವಳನ್ನು ನೋಡಲು ಹೋಗಬಹುದು. ಹೊಸ ಕಲೆಗೆ ಹಣ ಹೊಂದಿಸುವ ಉತ್ಸಾಹದ ಒಂದಂಶ ಹಳೆಯ ಕಲೆಯ ಕಾವಲಿಗೂ ಸಲ್ಲಬೇಕೆಂದು ಇಂಥ ಸಭೆಗಳಲ್ಲಿ ಯಾರಾದರೂ ಹೇಳಬೇಕಾಗುತ್ತದೆ, ಆದ್ದರಿಂದ ಹೇಳಿದ್ದೇನೆ.

ಆರನೆಯ ತಾಣ ಸೆಲೈಲೊ. ಜಲಪಾತ ಮುಳುಗಿದ ಜಾಗದ ಎದುರಿನ ಉದ್ಯಾನದಲ್ಲಿ, ಹಿಂದಿನ ಮೀನುಗಾರಿಕೆಯ ಅಟ್ಟಣೆಗಳನ್ನು ನೆನಪಿಸುವಂತೆ ನೀರಿನತ್ತ ಚಾಚುವ, ಬಾಗಿದ ಉದ್ದನೆಯ ನಡೆಹಾದಿಯೊಂದನ್ನು ಮಾಯಾ ಲಿನ್ ವಿನ್ಯಾಸಗೊಳಿಸಿದರು. ವಿನ್ಯಾಸ ಸಿದ್ಧವಾಗಿ ಬಹಳ ಕಾಲವಾಯಿತು. ಕೆಲಸವನ್ನು ತಡೆಹಿಡಿಯಲಾಗಿದೆ, ಹಾದಿ ಕಟ್ಟಿಲ್ಲ. ಉಳಿದೆಲ್ಲ ತಾಣಗಳಿಗಿಂತ ಇಲ್ಲಿ ಕಟ್ಟುವುದು ಬೇರೆ ಬಗೆಯ ಕೆಲಸ. ಏಕೆಂದರೆ ಸೆಲೈಲೊ ಸತ್ತ ಜಾಗವಲ್ಲ. ಪಕ್ಕದ ಹಳ್ಳಿಯಲ್ಲಿ ಜನ ವಾಸಿಸುತ್ತಾರೆ, ವಸಂತದಲ್ಲಿ ವರ್ಷದ ಮೊದಲ ಸಾಲ್ಮನ್ ಮೀನಿಗೆ ಔತಣದ ಹಬ್ಬ ನಡೆಯುತ್ತದೆ, ಸುತ್ತಮುತ್ತ ಇಂದಿಗೂ ಅಟ್ಟಣೆಗಳ ಮೇಲೆ ನಿಂತು ಮೀನು ಹಿಡಿಯುವವರಿದ್ದಾರೆ. 2008ರಲ್ಲಿ ಅಮೆರಿಕದ ಸೇನಾ ಎಂಜಿನಿಯರುಗಳ ದಳ ಶಬ್ದತರಂಗಗಳ ನೆರವಿನಿಂದ ತಳದ ನಕ್ಷೆ ತೆಗೆದಾಗ, ಜಲಪಾತದ ಬಂಡೆಗಳೂ ಕಾಲುವೆಗಳೂ ನೀರಿನಡಿ ಹಾಗೆಯೇ ಇರುವುದು ಗೊತ್ತಾಯಿತು. ಬಂಡೆ ಸಿಡಿಸಿಲ್ಲ, ಮುಳುಗಿಸಿದ್ದಾರೆ ಅಷ್ಟೇ. ಹಾಗಿರುವಾಗ ಅದರ ಎದುರು ಸ್ಮಾರಕ ಎತ್ತುವುದೆಂದರೆ ಬದುಕಿರುವವರಿಗೆ ಶ್ರಾದ್ಧ ಮಾಡಿದಂತೆ ಎಂದು ಆ ಜನರಲ್ಲಿ ಯಾರಿಗಾದರೂ ಅನ್ನಿಸಿದರೆ ಅದನ್ನು ಅತಿರೇಕವೆನ್ನುವ ಅಧಿಕಾರ ಹೊರಗಿನ ನಮಗಿಲ್ಲ. ಕಲಾವಿದೆಯ ವಿನ್ಯಾಸ ಸುಂದರವಾಗಿದೆಯೋ ಇಲ್ಲವೋ ಎಂಬುದು ಇಲ್ಲಿ ಎರಡನೆಯ ಪ್ರಶ್ನೆ. 1855ರ ಒಪ್ಪಂದದಿಂದ ಆ ದಂಡೆಯಲ್ಲಿ ಹಕ್ಕುಳ್ಳ ರಾಷ್ಟ್ರಗಳೆಲ್ಲ ಒಪ್ಪದೆ ಅಲ್ಲಿ ಒಂದು ಕಲ್ಲನ್ನೂ ಇಡಬಾರದು. ಒಪ್ಪಿಗೆ ಬರಲು ಇನ್ನೊಂದು ತಲೆಮಾರು ಹಿಡಿದರೂ ಕಾಯಬೇಕು.

ಯೋಜನೆಯ ಸಂಸ್ಥೆ ಈ ನಡುವೆ ಸುಮ್ಮನೆ ಕುಳಿತಿಲ್ಲ. ಹಿರಿಯರ ಮಾತುಗಳನ್ನು ಧ್ವನಿಮುದ್ರಿಸಿ ಎಲ್ಲರಿಗೂ ಸಿಗುವಂತೆ ಸಂಗ್ರಹಿಸಿಡುವುದು, ಮೂಲನಿವಾಸಿ ಶಿಕ್ಷಕರನ್ನೂ ಕಲಾವಿದರನ್ನೂ ನದೀಬಯಲಿನ ಶಾಲೆಗಳಿಗೆ ಕಳುಹಿಸಿ ಮಕ್ಕಳೊಂದಿಗೆ ಕೆಲಸ ಮಾಡಿಸುವುದು ಅದರ ಈಗಿನ ಮುಖ್ಯ ಚಟುವಟಿಕೆಗಳಲ್ಲಿ ಸೇರಿವೆ. ಬಸಾಲ್ಟ್ ಮೇಜಿನ ಕಥೆಯನ್ನು ಮೇಜಿನ ಮೇಲೆ ಓದುವ ಮೊದಲೇ ಒಬ್ಬ ಚಿನೂಕ್ ಹಿರಿಯರ ಬಾಯಿಂದ ಕೇಳಿದ ವಿದ್ಯಾರ್ಥಿಗೆ ಆ ಕೆತ್ತನೆಯಲ್ಲಿ ಬಿಟ್ಟುಹೋದದ್ದೇನು ಎಂಬುದೂ ಗೊತ್ತಿರುತ್ತದೆ. ಸೆಲೈಲೊದ ಹಾದಿಯ ಪ್ರಶ್ನೆ ಮುಂದೆ ಮತ್ತೆ ಚರ್ಚೆಗೆ ಬಂದಾಗ ಸಭೆಯಲ್ಲಿ ಕೂರುವವರು ಆ ವಿದ್ಯಾರ್ಥಿಗಳೇ ಆಗಿರುತ್ತಾರೆ.